ಮೊದಲ ನಕ್ಷತ್ರಕ್ಕಾಗಿ ಬೇಲಿ ಬಂದ್

ನಮ್ಮೂರಿಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಊರಿನವರು ಇದನ್ನು ಹೇಳಿಕೊಳ್ಳುವ ರೀತಿ ನೋಡಿದರೆ ಭೂಮಿಯ ಮೇಲೆ ಬೇರೆ ಯಾರಿಗೂ ಇಂಥ ಅನ್ಯಾಯ ಆಗಿಲ್ಲವೆನ್ನಬೇಕು. ಸಿದ್ದಾಪುರದಿಂದ ಬಿಳಗಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮೂರು ಕಡೆ ಗುಡ್ಡ, ನಡುವೆ ಒಂದು ಕೆರೆ, ಕೆರೆಯ ಕೆಳಗೆ ಗದ್ದೆ ಬಯಲು, ಅಲ್ಲಲ್ಲಿ ಹದಿನೆಂಟೋ ಇಪ್ಪತ್ತೋ ಮನೆ. ಫೋನಿನಲ್ಲಿ ಮಾತಾಡಬೇಕೆಂದರೆ ಕೆರೆ ಏರಿ ದಾಟಿ ಗುಡ್ಡದ ನೆತ್ತಿಯ ಬಂಡೆ ಹತ್ತಬೇಕು. ಏದುಸಿರು ಬಿಡುತ್ತ ಹತ್ತಿದವರು ಅಲ್ಲಿ ಮಾತಾಡುವುದೇನು? "ಹಲೋ, ಕೇಳ್ತಾ? ನಂಗೆ ಸಮಾ ಕೇಳ್ತಾ ಇಲ್ಲೆ." ಇಷ್ಟಕ್ಕೆ ಅರ್ಧ ಗಂಟೆ. ಟವರ್ ಕೊಡದಿದ್ದರೆ ಮತ ಹಾಕುವುದಿಲ್ಲವೆಂದು ಎರಡು ಸಲ ಬ್ಯಾನರ್ ಕಟ್ಟಿ, ಎರಡು ಸಲವೂ ಬೆಳಿಗ್ಗೆ ಏಳು ಗಂಟೆಗೇ ಸಾಲಿನಲ್ಲಿ ನಿಂತು ಮತ ಹಾಕಿ ಬಂದ ಶೂರರು ನಾವು.

ಹೀಗಿರುವಾಗ, ಮಳೆಗಾಲ ಮುಗಿದು ಕೆರೆ ತುಂಬಿದ್ದ ಸಮಯದಲ್ಲಿ ಬೆಂಗಳೂರಿನಿಂದ ಒಂದು ಜೀಪು ಬಂತು. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು, ಜೊತೆಗೆ ಇಬ್ಬರು ಗಂಡಸರು. ಕೆರೆ ಏರಿಯ ಮೇಲೆ ನಿಂತು ಕೈಯಲ್ಲಿದ್ದ ಯಂತ್ರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ, ಆ ಹೆಂಗಸು ಸಂತೋಷದಿಂದ ಹೇಳಿದ್ದು ಇಷ್ಟು: "ಅಬ್ಬ, ಎಂಥ ಒಳ್ಳೆ ಜಾಗ. ಇಲ್ಲಿ ಟವರ್ ಸಿಗ್ನಲ್, ಎಫ್‌ಎಂ ಏನೂ ಬರ್ತಾನೇ ಇಲ್ಲ!" ಸುತ್ತ ನೆರೆದಿದ್ದ ನಮ್ಮವರ ಮುಖ ನೋಡಬೇಕಿತ್ತು. ಇಷ್ಟು ವರ್ಷ ಯಾವುದನ್ನು ಊರಿನ ಶಾಪವೆಂದು ಅರ್ಜಿ ಬರೆದಿದ್ದರೋ ಅದನ್ನು ಹುಡುಕಿಕೊಂಡು ಜೀಪು ಮಾಡಿಕೊಂಡು ಬರುವವರೂ ಇದ್ದಾರೆಂದು ಅವರಿಗೆ ಅವತ್ತೇ ಗೊತ್ತಾದದ್ದು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದವನು. ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಮೂವತ್ತೆರಡು ವರ್ಷ ವಿದ್ಯುತ್ತು, ಬೆಳಕು, ಅಲೆ, ವಿಶ್ವ ಎಂದು ಬೋರ್ಡಿನ ಮೇಲೆ ಬರೆದು ಅಳಿಸಿದ್ದೇನೆ. ನನ್ನ ಕೈಯಲ್ಲಿ ಕಲಿತವರು ಈಗ ಮನೆಯ ಫ್ಯೂಸು ಹೋದರೆ ಪೇಟೆಯಿಂದ ಜನ ಕರೆಸುತ್ತಾರೆ, ಗ್ರಹಣದ ದಿನ ಅನ್ನದ ಪಾತ್ರೆಗೆ ದರ್ಭೆ ಹಾಕುತ್ತಾರೆ. ಅವರ ಬಗ್ಗೆ ನನಗೆ ದೊಡ್ಡ ಅಭಿಪ್ರಾಯವೇನೂ ಉಳಿದಿರಲಿಲ್ಲ. ಊರಿನಲ್ಲಿ ವಿಜ್ಞಾನ ತಿಳಿದವನು ನಾನೊಬ್ಬನೇ ಎಂದು ನಾನು ತಿಳಿದಿದ್ದೆ, ಅದನ್ನು ಮುಚ್ಚಿಡುವ ಅಭ್ಯಾಸವೂ ನನಗಿರಲಿಲ್ಲ.

ಆ ಹೆಂಗಸು ವಿಜ್ಞಾನಿ. ನಮ್ಮ ಜಗಲಿಯಲ್ಲಿ ಕೂತು ಕಷಾಯ ಕುಡಿಯುತ್ತ ತಾವು ಬಂದ ಕೆಲಸ ಹೇಳಿದರು. ವಿಶ್ವದಲ್ಲಿ ಮೊಟ್ಟಮೊದಲು ಹೊತ್ತಿಕೊಂಡ ನಕ್ಷತ್ರಗಳ ಗುರುತು ಹುಡುಕುವುದು. ಅದಕ್ಕೂ ಮೊದಲು ಎಲ್ಲೆಲ್ಲೂ ಕತ್ತಲು, ಜಲಜನಕದ ಅನಿಲ ಬಿಟ್ಟರೆ ಹೆಚ್ಚೇನೂ ಇಲ್ಲ. ಆಮೇಲೆ ಅಲ್ಲೊಂದು ಇಲ್ಲೊಂದು ನಕ್ಷತ್ರ ಹೊತ್ತಿತು, ಅವು ಗುಂಪುಗೂಡಿ ಗೆಲಾಕ್ಸಿಗಳಾದವು. ಬಾಹ್ಯಾಕಾಶಕ್ಕೆ ಹಾರಿಸಿದ ದೊಡ್ಡ ದೂರದರ್ಶಕಕ್ಕೆ ಆ ಕಾಲದ ಕೆಲವು ಗೆಲಾಕ್ಸಿಗಳು ಕೆಂಪು ಚುಕ್ಕೆಗಳಾಗಿ ಕಂಡಿವೆ. ಆದರೆ ಎಲ್ಲಕ್ಕಿಂತ ಮೊದಲಿನ ನಕ್ಷತ್ರಗಳನ್ನು ಒಂದೊಂದಾಗಿ ನೋಡುವ ಕಣ್ಣು ಇನ್ನೂ ಯಾರಿಗೂ ಇಲ್ಲ. ಹಾಗಾಗಿ ಇವರು ಹುಡುಕುವುದು ಬೆಳಕನ್ನಲ್ಲ. ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿನ ಜಲಜನಕ ಹೊರಡಿಸುವ, ಹೀರುವ ರೇಡಿಯೋ ಅಲೆಯಲ್ಲಿ ಒಂದು ಸಣ್ಣ ತಗ್ಗು ಬಿದ್ದಿರಬೇಕು. ಆಗ ಆ ಅಲೆಯ ಉದ್ದ ಒಂದು ಗೇಣು. ವಿಶ್ವ ಹಿಗ್ಗುತ್ತ ಹಿಗ್ಗುತ್ತ ಆ ಗೇಣು ಈಗ ಎರಡು ಮಾರಿನಷ್ಟಾಗಿ ನಮ್ಮ ತಲೆಯ ಮೇಲೆ ದಿನವೂ ಹಾದುಹೋಗುತ್ತಿದೆ. ಕೇಳಿಸಿಕೊಳ್ಳಬೇಕೆಂದರೆ ಎಫ್‌ಎಂ ಸ್ಟೇಷನ್ನು, ಟವರು, ಮೋಟಾರು ಯಾವುದರ ಗಲಾಟೆಯೂ ಇರಬಾರದು. ಭೂಮಿಯ ಮೇಲೆ ಆಂಟೆನಾ ಇಟ್ಟರೆ ಅಡಿಯ ಕಲ್ಲು, ಮಣ್ಣು, ಬೇರು ಒಂದೊಂದೂ ಒಂದೊಂದು ಥರ ಅಡ್ಡಿ ಮಾಡುತ್ತದೆ. ನೀರಿಗೆ ಆ ರಗಳೆ ಇಲ್ಲ, ಎಲ್ಲ ಕಡೆ ಒಂದೇ ಸಮ. ಆದ್ದರಿಂದ ಕೆರೆಯ ನಡುವೆ ತೆಪ್ಪ ಬಿಟ್ಟು ಅದರ ಮೇಲೆ ಆಂಟೆನಾ ಇಡುತ್ತಾರೆ.

ಇದನ್ನು ಕೇಳುತ್ತಿದ್ದಾಗ, ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂದು ಬಿಟ್ಟರೆ ವಿಶ್ವದ ಬಗ್ಗೆ ಯಾರೂ ನನ್ನನ್ನು ಏನನ್ನೂ ಕೇಳಿದವರಲ್ಲ. ಈಗ ವಿಶ್ವದ ಮೊದಲ ಬೆಳಕಿನ ಸುದ್ದಿ ನಮ್ಮ ಮನೆಯ ಕೆಳಗಿನ ಕೆರೆಗೆ ಬರುವುದಿತ್ತು, ಅದೂ ನನ್ನ ಸಹಾಯ ಕೇಳಿಕೊಂಡು.

ತೆಪ್ಪ ನೀರಿಗಿಳಿಯಿತು. ಥರ್ಮಾಕೋಲಿನ ಹಲಗೆಗಳ ಮೇಲೆ ಒಂದು ದೊಡ್ಡ ಲಾಳಿಕೆ ನಿಲ್ಲಿಸಿದ ಹಾಗಿತ್ತು. ಊರು ತನ್ನ ಬುದ್ಧಿವಂತಿಕೆ ತೋರಿಸತೊಡಗಿತು. ಇದು ಮೀನು ಹಿಡಿಯುವ ಹೊಸ ಯಂತ್ರ ಎಂದರು ಕೆಲವರು. ಟವರಿನ ಪಾಯ ಎಂದರು ಕೆಲವರು, ನೀರಿನ ನಡುವೆ ಪಾಯ! ಪಂಚಾಯ್ತಿ ಮೆಂಬರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಅದರ ಎದುರು ನಿಂತು ಫೋಟೋ ತೆಗೆಸಿಕೊಂಡ, ಆಮೇಲೆ ಅದನ್ನು ಗ್ರೂಪಿಗೆ ಕಳಿಸಲು ಗುಡ್ಡ ಹತ್ತಿದ. ಶಿರಸಿಯಿಂದ ಬಂದ ಒಬ್ಬ ವರದಿಗಾರ ವಿಜ್ಞಾನಿಯನ್ನು ಒಂದೇ ಪ್ರಶ್ನೆ ಕೇಳಿದ, ಇದರಿಂದ ಮುಂದಿನ ವರ್ಷದ ಮಳೆ ಗೊತ್ತಾಗುತ್ತದೋ ಎಂದು. ಅವರು ಇಲ್ಲವೆಂದರು. ಅವನು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋದ.

ಆದರೆ ಒಂದು ತೊಡಕಿತ್ತು. ವಿಜ್ಞಾನಿ ಕೈಯಂತ್ರವನ್ನು ಗದ್ದೆಯ ಕಡೆ ಹಿಡಿದಾಗ ಟಿಕ್, ಟಿಕ್, ಟಿಕ್ ಎಂದು ಸೆಕೆಂಡಿಗೊಮ್ಮೆ ಬಡಿದುಕೊಂಡಿತು. ಅದು ಝಟ್ಕಾ ಬೇಲಿ. ಕಾಡುಹಂದಿ ಬರದಂತೆ ಗದ್ದೆಯ ಸುತ್ತ ತಂತಿ ಎಳೆದು, ಸೋಲಾರ್ ಫಲಕ, ಬ್ಯಾಟರಿ, ಒಂದು ಮಷಿನ್ನು ಜೋಡಿಸಿದರೆ ತಂತಿ ಮುಟ್ಟಿದ ಪ್ರಾಣಿಗೆ ಝಟ್ಕಾ ಹೊಡೆಯುತ್ತದೆ. ನಮ್ಮ ಊರಿನಲ್ಲಿ ಈಗ ಅದಿಲ್ಲದ ಗದ್ದೆಯೇ ಇಲ್ಲ. ಮೊದಲಾದರೆ ತೆನೆ ಕಟ್ಟಿದಾಗಿನಿಂದ ಕೊಯ್ಲಿನವರೆಗೆ ಗದ್ದೆಯ ಅಂಚಿನಲ್ಲಿ ಮಾಳ ಕಟ್ಟಿ, ಅಟ್ಟಣಿಗೆಯ ಮೇಲೆ ಕೂತು ಡಬ್ಬ ಬಡಿದು ಕೂಗು ಹಾಕಿ ಕಾಯುತ್ತಿದ್ದರು. ಬೇಲಿ ಬಂದ ಮೇಲೆ ಮಾಳಗಳು ಮುರಿದುಬಿದ್ದವು, ಜನ ಮನೆಯಲ್ಲಿ ಮಲಗಿ ಗೊರಕೆ ಹೊಡೆಯತೊಡಗಿದರು. ಆ ಟಿಕ್ ಟಿಕ್ ನಡೆಯುತ್ತಿರುವವರೆಗೆ ಕೆರೆಯ ಆಂಟೆನಾಕ್ಕೆ ಮೊದಲ ನಕ್ಷತ್ರದ ಸುಳಿವು ಸಿಗುವುದು ಸಾಧ್ಯವಿರಲಿಲ್ಲ. ಮೂರು ರಾತ್ರಿ ಎಲ್ಲ ಬೇಲಿಗಳನ್ನೂ ಬಂದ್ ಮಾಡಿಸಿ ಕೊಡುತ್ತೀರಾ ಎಂದು ಅವರು ಕೇಳಿದರು. ಭತ್ತ ಹಣ್ಣಾಗಿ ಕೊಯ್ಲಿಗೆ ಹತ್ತು ದಿನವಿತ್ತು. ಸಿಡಿಲು ನಿಂತು ಕೆರೆಯೂ ತುಂಬಿರುವ ಸಮಯ ಅದೊಂದೇ ಆದ್ದರಿಂದ ಅವರಿಗೂ ಬೇರೆ ದಾರಿ ಇರಲಿಲ್ಲ. ನಾನು ಎದೆ ತಟ್ಟಿ ಒಪ್ಪಿಕೊಂಡೆ.

ಹಾಲಿನ ಡೇರಿ ನಮ್ಮೂರಿನ ವಿಧಾನಸಭೆ. ಬೆಳಿಗ್ಗೆ ಎಲ್ಲರೂ ಕ್ಯಾನು ಹಿಡಿದು ಬಂದಾಗ ನಾನು ಭಾಷಣ ಶುರು ಮಾಡಿದೆ. ಗೇಣು, ಮಾರು ಎಲ್ಲ ಹೇಳಿದೆ. ಒಬ್ಬ ಆಕಳಿಸಿದ. ಇನ್ನೊಬ್ಬ ಎಮ್ಮೆಗೆ ಹಿಂಡಿ ಬಂತೋ ಎಂದು ಪಕ್ಕದವನನ್ನು ಕೇಳಿದ. ಮೆಂಬರು ಮಾತ್ರ, "ಇದ್ರಿಂದ ನಮ್ಮೂರಿಗೆ ಎಂತ ಬತ್ತದೆ ಮಾಸ್ತರೇ?" ಎಂದ. ನಾನು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ, "ಊರಿಗೆ ಹೆಸರು ಬರ್ತದೆ. ಹೆಸರು ಬಂದ್ರೆ ಟವರ್ ಬರ್ತದೆ," ಎಂದೆ. ಟವರ್ ಬಂದರೆ ಆ ಆಂಟೆನಾ ಅವತ್ತೇ ಗಂಟುಮೂಟೆ ಕಟ್ಟಬೇಕು ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ಹೇಳಿದ ಮೇಲೆ ಎಲ್ಲರೂ ಒಪ್ಪಿದರು. ಇಂಥ ಜನರಿಗೆ ಇಂಥದ್ದೇ ಮಾತು ಬೇಕು ಎಂದುಕೊಂಡು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಬ್ಬಳು ಮಾತ್ರ ಟವರಿನ ಮಾತು ಬರುವ ಮೊದಲೇ ಒಪ್ಪಿದ್ದಳು. ಅವಳ ಅರ್ಧ ಎಕರೆ ಗದ್ದೆ ಬಯಲಿನ ತುದಿಯಲ್ಲಿದೆ, ಅದರಾಚೆ ಕಾಡೇ. ಆ ಭತ್ತ ಅವರ ಮನೆಯ ವರ್ಷದ ಊಟ. ಗಂಡ ಸೊಂಟ ಮುರಿದುಕೊಂಡು ಎರಡು ವರ್ಷದಿಂದ ಹಾಸಿಗೆಯಲ್ಲಿದ್ದ. ನಾಟಿಗೂ ಕೊಯ್ಲಿಗೂ ಮುಯ್ಯಾಳು ಮಾಡಿಕೊಂಡು, ಅಂದರೆ ಬೇರೆಯವರ ಗದ್ದೆಯಲ್ಲಿ ತಾನು ದುಡಿದು ಅವರಿಂದ ತನ್ನ ಗದ್ದೆಯಲ್ಲಿ ದುಡಿಸಿಕೊಂಡು, ಒಬ್ಬಳೇ ಸಾಗುವಳಿ ನಡೆಸುತ್ತಿದ್ದಳು. ನನ್ನ ವಾರಿಗೆಯವಳೇ. ಆದರೂ ನಾನು ಅವಳಿಗೆ ನೀನು, ಅವಳು ನನಗೆ ನೀವು. ನಮ್ಮ ಕಡೆ ಅದು ಹಾಗೆಯೇ, ಯಾಕೆಂದು ಯಾರೂ ಕೇಳುವುದಿಲ್ಲ.

"ಎಷ್ಟು ದಿನ ಮಾಸ್ತರೇ?" ಎಂದು ಕೇಳಿದಳು.

"ಮೂರು ರಾತ್ರಿ."

"ಮೂರು ಅಂದ್ರೆ ಮೂರೇನಾ? ನಂಗೆ ಒಬ್ಬಳಿಗೇ ಮಾಳ ಕಾಯೂಕಾಗ್ಬೇಕು. ಹೆಚ್ಚು ದಿನ ನಿದ್ದೆಗೆಡೂಕಾಗೂದಿಲ್ಲ."

"ಮೂರೇ. ನಾನು ಹೇಳ್ತಾ ಇದ್ದೇನಲ್ಲ."

"ಹಂಗಾರೆ ಆತು. ನಕ್ಷತ್ರ ಸಿಕ್ಕರೆ ನಂಗೂ ತೋರ್ಸಿ," ಎಂದು ನಕ್ಕಳು. ತೋರಿಸುವಂಥದ್ದಲ್ಲ, ಅದು ಕಾಗದದ ಮೇಲೆ ಒಂದು ಗೆರೆಯ ತಗ್ಗು ಎಂದು ಹೇಳಲು ಹೋಗಿ, ಇವಳಿಗೆ ಎಲ್ಲಿ ಅರ್ಥವಾಗಬೇಕು ಎಂದು ಸುಮ್ಮನಾದೆ. ಅವತ್ತು ಮಧ್ಯಾಹ್ನವೇ ಅವಳು ಹಳೆಯ ಮಾಳಕ್ಕೆ ಹೊಸ ಕಂಬ ಕೊಟ್ಟು ಸೋಗೆ ಹೊದೆಸುತ್ತಿದ್ದುದನ್ನು ಕಂಡೆ.

ಇನ್ನು ನನ್ನ ಬೇಲಿಯ ವಿಷಯ. ನನ್ನ ಮನೆಯ ಹಿಂದೆ, ಗುಡ್ಡದ ಆಚೆ ಇಳಿಜಾರಿನಲ್ಲಿ ಶಿರಸಿಯ ನರ್ಸರಿಯಿಂದ ತಂದ ಮೂವತ್ತು ಬಾಳೆ ಗಿಡಗಳಿದ್ದವು. ನಿವೃತ್ತಿಯ ನಂತರದ ಹುಚ್ಚು. ಅದರ ಸುತ್ತಲೂ ಝಟ್ಕಾ ಬೇಲಿ ಹಾಕಿಸಿದ್ದೆ. ಮೊದಲ ಸಂಜೆ ನನ್ನ ಹೆಂಡತಿ ಕೇಳಿದಳು:

"ಊರಿಗೆಲ್ಲ ಬಂದ್ ಮಾಡಿ ಹೇಳಿ ಹೇಳಿಕ್ಕೆ ಬಂದ್ರಿ. ನಮ್ಮನೆದು ಎಂತಕ್ಕೆ ಬಂದ್ ಮಾಡಿದ್ದಿಲ್ಲೆ?"

"ಗುಡ್ಡ ಅಡ್ಡ ಇದ್ದು. ನಮ್ಮನೆ ಬೇಲಿದು ಕೆರೆಗೆ ಮುಟ್ತಿಲ್ಲೆ. ಆನು ಲೆಕ್ಕ ಹಾಕಿ ನೋಡಿದ್ದೆ," ಎಂದೆ.

ಲೆಕ್ಕ ಹಾಕಿದ್ದು ನಿಜ. ಬೇಕಾದ ಉತ್ತರ ಬರುವ ಹಾಗೆ ಹಾಕಿದ್ದೆ. ಉದ್ದದ ಅಲೆಗಳು ಗುಡ್ಡದ ಅಂಚಿನಲ್ಲಿ ಬಾಗಿ ಆಚೆ ಇಳಿಯುತ್ತವೆ ಎಂಬುದನ್ನು ನಾನೇ ಮೂವತ್ತೆರಡು ವರ್ಷ ಒಂಬತ್ತು, ಹತ್ತನೇ ತರಗತಿಗಳಿಗೆ ಪಾಠ ಮಾಡಿದ್ದೇನೆ, ಚಿತ್ರ ಬರೆದು ತೋರಿಸಿದ್ದೇನೆ. ಆದರೂ ನಿಯಮ ಎಂಬುದು ಊರಿನವರಿಗೆ, ತಿಳಿದವನಿಗೆ ರಿಯಾಯಿತಿ ಇರುತ್ತದೆ ಎಂದೇ ನನ್ನ ಒಳಗೆ ಇದ್ದದ್ದು. ಹಂದಿ ಬಂದರೆ ಹೋಗುವುದು ಮೂವತ್ತು ಬಾಳೆ ಗಿಡ, ಅದರ ಹಣ್ಣು ತಿನ್ನಲು ಮನೆಯಲ್ಲಿ ನಾವಿಬ್ಬರೇ.

ಮೂರು ರಾತ್ರಿ ಕಳೆದವು. ನಾಲ್ಕನೆಯ ಬೆಳಿಗ್ಗೆ ತೆಪ್ಪವನ್ನು ದಡಕ್ಕೆ ಎಳೆದು, ಅದರೊಳಗಿನ ಡಬ್ಬಿ ಬಿಚ್ಚಿ ಲ್ಯಾಪ್‌ಟಾಪಿಗೆ ಜೋಡಿಸಿದರು. ಪರದೆಯ ತುಂಬ ಬಾಚಣಿಗೆಯ ಹಲ್ಲಿನ ಹಾಗೆ ಸಮ ಅಂತರದ ಗೆರೆಗಳು. ವಿಜ್ಞಾನಿ ಗೆರೆಗಳ ನಡುವಿನ ಅಂತರವನ್ನು ಬೆರಳಿನಲ್ಲಿ ಅಳೆದು ನೋಡಿ, "ಸರ್, ಯಾವುದೋ ಒಂದು ಬೇಲಿ ಆನ್ ಆಗೇ ಇತ್ತು. ಮೂರೂ ರಾತ್ರಿ. ಎಲ್ಲೋ ಕಿಡಿ ಹಾರ್ತಾ ಇದೆ, ಅದಕ್ಕೇ ಇಷ್ಟು ಜೋರಾಗಿ ಬಂದಿದೆ. ನಾವು ಹುಡುಕೋದು ಇದರ ಕೆಳಗೆ ಎಲ್ಲೋ ಹೂತುಹೋಗಿದೆ. ಆಂಟೆನಾ ಹಿಡಿದು ಒಂದು ಸುತ್ತು ಹೋಗಿ ಯಾವ ಬೇಲಿ ಅಂತ ನೋಡ್ಲಾ?" ಎಂದರು.

"ಬೇಡ ಮೇಡಂ. ಯಾರದ್ದು ಅಂತ ನನಗೆ ಗೊತ್ತು," ಎಂದೆ.

ನನಗೆ ಹೇಗೆ ಗೊತ್ತಿತ್ತು? ಕಾಡಿನ ಅಂಚಿನ ಗದ್ದೆ, ಒಬ್ಬಳೇ ಹೆಂಗಸು, ಮೂರು ಅಂದರೆ ಮೂರೇನಾ ಎಂದು ಅನುಮಾನದಿಂದ ಕೇಳಿದ್ದವಳು. ಹೆದರಿ ಚಾಲೂ ಇಟ್ಟಿರುತ್ತಾಳೆ. ನನ್ನ ತರ್ಕ ಅಷ್ಟಕ್ಕೇ ಮುಗಿಯಿತು. ನೇರ ಡೇರಿಗೆ ನಡೆದೆ. ಅವಳು ಹಾಲು ಅಳೆಯಲು ಸಾಲಿನಲ್ಲಿದ್ದಳು. ಎಲ್ಲರ ಎದುರು, "ನಿನಗೆ ಅಷ್ಟು ಹೆದರಿಕೆ ಇದ್ದರೆ ಮೊದಲೇ ಆಗೂದಿಲ್ಲ ಹೇಳಬೇಕಿತ್ತು. ಒಪ್ಪಿಕೊಂಡು ಕಣ್ಣಿಗೆ ಮಣ್ಣೆರಚೂದು ಯಾಕೆ? ಎಷ್ಟು ಜನರ ವರ್ಷಗಟ್ಟಲೆ ಕೆಲಸ ನಿನ್ನಿಂದ ಹಾಳಾಯ್ತು, ಗೊತ್ತುಂಟಾ?" ಎಂದು ಬೈದೆ. ಕ್ಲಾಸಿನಲ್ಲಿ ಬೈಯುತ್ತಿದ್ದ ಧ್ವನಿ ಹಾಗೇ ಉಳಿದಿತ್ತು.

"ನಾ ಬಂದ್ ಮಾಡಿದ್ದೆ ಮಾಸ್ತರೇ," ಎಂದಳು.

"ಯಂತ್ರ ಸುಳ್ಳು ಹೇಳ್ತದಾ?"

 ಅವತ್ತು ನನ್ನ ಭಾಷಣಕ್ಕೆ ಆಕಳಿಸಿದವರೂ ಹಿಂಡಿ ಕೇಳಿದವರೂ ಈಗ ತಲೆಯಾಡಿಸಿ, ಛೆ ಛೆ, ಹಿಂಗ್ ಮಾಡಬಾರದಾಗಿತ್ತು ಎಂದರು. ವಿಶ್ವದ ಮೊದಲ ನಕ್ಷತ್ರದ ಮೇಲೆ ಎಲ್ಲರಿಗೂ ಒಮ್ಮೆಲೇ ಪ್ರೀತಿ ಉಕ್ಕಿತು.

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಜಗಲಿಯ ಮೇಲೆ ಧಡ್ಡೆಂದು ಸದ್ದಾಯಿತು. ಹೊರಗೆ ಬಂದು ನೋಡಿದರೆ ಅವಳು. ಸಿಂಬೆ ಇಟ್ಟುಕೊಂಡು ತಲೆಯ ಮೇಲೆ ಹೊತ್ತು ತಂದ ಬೇಲಿಯ ಬ್ಯಾಟರಿಯನ್ನು ನಮ್ಮ ಜಗಲಿಯಲ್ಲಿ ಇಳಿಸಿದ್ದಳು. ಬೆವರು ಹರಿಯುತ್ತಿತ್ತು.

"ತಗಳಿ. ಇದು ನಿಮ್ಮನೇಲೇ ಇರ್ಲಿ. ಈಗಾರೂ ನಂಬ್ತೀರಾ?" ಎಂದಳು. "ಇನ್ನೂ ಎಷ್ಟು ದಿನ ಬೇಕು ನಿಮ್ಮ ನಕ್ಷತ್ರಕ್ಕೆ?"

ಇನ್ನೆರಡು ರಾತ್ರಿ ಎಂದೆ. ವಿಜ್ಞಾನಿ ಅಷ್ಟೇ ಕೇಳಿದ್ದರು, ಉಳಿದವರೂ ಬೇಲಿ ಬಂದ್ ಇಡಲು ಒಪ್ಪಿದ್ದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮೆಟ್ಟಿಲಿಳಿದು ಹೋದಳು. ನೀರು ಬೇಕಾ ಎಂದು ನನ್ನ ಹೆಂಡತಿ ಕೂಗಿದ್ದಕ್ಕೂ ತಿರುಗಲಿಲ್ಲ. ಎಂಥ ಸೊಕ್ಕು ಎಂದುಕೊಂಡೆ. ಬ್ಯಾಟರಿ ನನ್ನ ವಶದಲ್ಲಿದೆ, ಇನ್ನು ಕೆಲಸ ಸಲೀಸು ಎಂದೂ ಅಂದುಕೊಂಡೆ.

ಆರನೆಯ ಬೆಳಿಗ್ಗೆ ಸುದ್ದಿ ಬಂತು, ಅವಳ ಗದ್ದೆಗೆ ಹಂದಿ ಬಿದ್ದಿದೆ ಎಂದು. ನಾನೂ ಹೋದೆ. ಬರೀ ತಿಂದಿದ್ದರೆ ಅಷ್ಟೋ ಇಷ್ಟೋ ಉಳಿಯುತ್ತಿತ್ತು. ಹಿಂಡು ಒಳಗೆ ನುಗ್ಗಿ ಮಲಗಿ ಹೊರಳಾಡಿತ್ತು. ನಿಂತ ಪೈರು ಅಂಚಿನಲ್ಲಿ ನಾಲ್ಕು ಸಾಲು ಬಿಟ್ಟರೆ ಇಲ್ಲ. ಅಗಿದು ಉಗಿದ ತೆನೆಯ ಉಂಡೆಗಳು ಕೆಸರಿನಲ್ಲಿ ಅಲ್ಲಲ್ಲಿ ಬಿದ್ದಿದ್ದವು. ಅವಳು ಬದುವಿನ ಮೇಲೆ ಕೂತು ನೆಲಕ್ಕೆ ಒರಗಿದ ಪೈರಿನಿಂದ ಕಾಳು ಉಳಿದ ತೆನೆಗಳನ್ನು ಒಂದೊಂದಾಗಿ ಮುರಿದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

"ನಾಕು ರಾತ್ರಿ ಕಣ್ಣು ಮುಚ್ಚಿರ್ಲಿಲ್ಲ," ಎಂದಳು, ನನ್ನ ಮುಖ ನೋಡದೆ. "ಇವತ್ತು ಬೆಳಗಿನ ಜಾವ ಡಬ್ಬ ಕೈಲಿ ಇದ್ದಂಗೇ ನಿದ್ದೆ ಬಂದ್ಬಿಡ್ತು. ನಂದೇ ತಪ್ಪು." ಆಮೇಲೆ ತಲೆಯೆತ್ತಿ, "ನಿಮ್ಮ ಕೆಲಸ ಆತಾ? ನಕ್ಷತ್ರ ಸಿಕ್ತಾ?" ಎಂದು ಕೇಳಿದಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದ್ದಳು.

ನೋಡಿ ಹೇಳ್ತೇನೆ ಎಂದು ಕೆರೆಯ ಕಡೆ ಬಂದೆ. ತೆಪ್ಪ ದಡಕ್ಕೆ ಬಂದಿತ್ತು, ಡಬ್ಬಿ ಬಿಚ್ಚಿಯಾಗಿತ್ತು. ಪರದೆಯ ಮೇಲೆ ಅದೇ ಬಾಚಣಿಗೆಯ ಹಲ್ಲು. ಈ ಸಲ ವಿಜ್ಞಾನಿ ನನ್ನನ್ನು ಕೇಳಲಿಲ್ಲ. ಕೈಯಲ್ಲಿ ಹಿಡಿಯುವ ಆಂಟೆನಾ ತೆಗೆದುಕೊಂಡು ಹೊರಟರು. ನಾನು ಹಿಂದೆಯೇ ನಡೆದೆ. ಗದ್ದೆ ಬಯಲಿನ ಕಡೆ ಹಿಡಿದರೆ ಸದ್ದಿಲ್ಲ. ಅವಳ ಗದ್ದೆಯ ಕಡೆ ಹಿಡಿದರೆ ಸದ್ದಿಲ್ಲ. ಗುಡ್ಡದ ಕಡೆ ತಿರುಗಿಸಿದಾಗ ಸಣ್ಣಗೆ ಟಿಕ್ ಎಂದಿತು. ಏರುತ್ತ ಹೋದ ಹಾಗೆ ಜೋರಾಯಿತು. ನೆತ್ತಿಯ ಬಂಡೆ ದಾಟಿ ಆಚೆ ಇಳಿಯುವಾಗ ನಾನು ನಾಲ್ಕು ಹೆಜ್ಜೆ ಹಿಂದೆ ಉಳಿದೆ. ಅವರು ನೇರ ನನ್ನ ಬಾಳೆಯ ಬೇಲಿಯ ಎದುರು ಹೋಗಿ ನಿಂತರು. ಒಣಗಿದ ಬಾಳೆ ಎಲೆಯೊಂದು ಜೋತುಬಿದ್ದು ತಂತಿಗೆ ತಾಗಿತ್ತು. ತಾಗಿದಲ್ಲಿ ಸೆಕೆಂಡಿಗೊಮ್ಮೆ ಚಿಟ್ ಎಂದು ಕಿಡಿ ಹಾರುತ್ತಿತ್ತು. ಹಗಲಿನಲ್ಲಿ ಕಿಡಿ ಕಾಣುತ್ತಿರಲಿಲ್ಲ, ಕಿವಿಗೆ ಮಾತ್ರ ಕೇಳುತ್ತಿತ್ತು.

"ಸರ್, ಇದು ಯಾರ ತೋಟ?"

"ನನ್ನದು," ಎಂದೆ.

ಅವರು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಆಂಟೆನಾ ಕೆಳಗಿಳಿಸಿ, "ರಿಪೋರ್ಟಲ್ಲಿ ಸ್ಥಳೀಯ ಅಡಚಣೆ ಅಂತ ಬರೀತೀನಿ. ಯಾರದ್ದು ಅಂತ ಬರೆಯೋ ಅಗತ್ಯ ಇಲ್ಲ," ಎಂದರು. ಮಧ್ಯಾಹ್ನದ ಹೊತ್ತಿಗೆ ತೆಪ್ಪ ಬಿಚ್ಚಿ ಜೀಪಿಗೆ ಏರಿಸಿದರು. ಮುಂದಿನ ವರ್ಷ ಬೇರೆ ಕೆರೆ ನೋಡುವುದಾಗಿ ಹೇಳಿದರು. ಐದು ರಾತ್ರಿಯ ಕೆಲಸದಲ್ಲಿ ಒಂದು ನಿಮಿಷವೂ ಉಪಯೋಗಕ್ಕೆ ಬರುವಂತಿರಲಿಲ್ಲ. ಅವಳ ಗದ್ದೆ ಯಾವುದಕ್ಕಾಗಿ ಹೋಯಿತೋ ಅದೂ ಸಿಕ್ಕಿರಲಿಲ್ಲ.

ಆಮೇಲೆ ಎಂಟು ದಿನ ನಾನು ಬಾಯಿ ಬಿಡಲಿಲ್ಲ. ಬೇಲಿ ಬಂದ್ ಮಾಡಿದ್ದೆ, ಎಲೆ ಕತ್ತರಿಸಿದ್ದೆ, ಮನೆಯೊಳಗೆ ಕೂತಿದ್ದೆ. ಹೊರಗೆ ಊರು ತನ್ನ ತೀರ್ಪು ಬರೆಯುತ್ತಿತ್ತು. ಅವಳ ಬೇಲಿಯಿಂದ ಊರ ಹೆಸರು ಹೋಯಿತು, ಟವರೂ ಹೋಯಿತು ಎಂದರು. ಮಾತಿಗೆ ತಪ್ಪಿದ್ದಕ್ಕೇ ದೇವರು ಹಂದಿ ಕಳಿಸಿದ ಎಂದು ಮೆಂಬರು ಹೇಳಿದನಂತೆ. ಬೇಲಿ ಚಾಲೂ ಇದ್ದಿದ್ದರೆ ಹಂದಿ ಒಳಗೆ ಬಂದದ್ದು ಹೇಗೆ ಎಂದು ಇಡೀ ಊರಿನಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಇವರ ತಲೆಯಲ್ಲಿ ಏನಿದೆ ಎಂದು ಮೂಗು ಮುರಿಯಲು ಹೋದಾಗಲೆಲ್ಲ ನೆನಪಾಗುತ್ತಿತ್ತು, ಆ ಆಪಾದನೆ ಶುರುವಾದದ್ದು ನನ್ನ ಬಾಯಿಯಿಂದ, ಅವರೆಲ್ಲ ಅದನ್ನು ನಂಬಿದ್ದು ನಾನು ವಿಜ್ಞಾನದ ಮಾಸ್ತರನೆಂದು. ಕೊಯ್ಲಿಗೆ ಅವಳನ್ನು ಮುಯ್ಯಾಳಿಗೆ ಕರೆಯುವವರೂ ಕಡಿಮೆಯಾದರು. ಕೊಯ್ಯಲು ಅವಳದ್ದೇನೂ ಉಳಿದಿಲ್ಲವಲ್ಲ, ಮುಯ್ಯಿ ತೀರಿಸುವುದು ಎಲ್ಲಿ ಎಂದು ಹೇಳಿಕೊಂಡರಂತೆ.

ಅವಳ ಬ್ಯಾಟರಿ ನಮ್ಮ ಜಗಲಿಯಲ್ಲೇ ಇತ್ತು. ಹೆಂಡತಿ ದಿನವೂ ಅದರ ಸುತ್ತ ಗುಡಿಸುತ್ತಿದ್ದಳು, ಅದನ್ನು ಸರಿಸುತ್ತಿರಲಿಲ್ಲ. ಎಂಟನೆಯ ದಿನ ಹಿಡಿಸೂಡಿ ಕೆಳಗಿಟ್ಟು, "ಇದ ಆನು ಕೊಟ್ಟಿಕ್ಕೆ ಬಂದ್ರೆ ಬರೀ ಬ್ಯಾಟ್ರಿ ಕೊಟ್ಟಾಂಗೆ ಆಗ್ತು. ನೀವೇ ಹೋಗವು," ಎಂದಳು. ಇಷ್ಟು ವರ್ಷದಲ್ಲಿ ಅವಳು ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಬ್ಯಾಟರಿಯನ್ನು ಸ್ಕೂಟರಿನ ಮೇಲಿಟ್ಟುಕೊಂಡು ಡೇರಿಗೆ ಹೋದೆ. ಎಲ್ಲಿ ಬೈದಿದ್ದೆನೋ ಅಲ್ಲೇ ಹೇಳಬೇಕೆಂದು ನಿರ್ಧಾರ ಮಾಡಿದ್ದೆ. ಅವಳು ಸಾಲಿನ ಕೊನೆಯಲ್ಲಿದ್ದಳು. ಮುಂದಿನವರಿಗೂ ಅವಳಿಗೂ ನಡುವೆ ಇಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ನಾನು ಮೆಟ್ಟಿಲು ಹತ್ತಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಒಂದು ನಿಮಿಷ ಕೇಳಿ. ಬೇಲಿ ಬಂದ್ ಮಾಡದೇ ಇದ್ದದ್ದು ಇವಳಲ್ಲ, ನಾನು. ಕೆರೆಗೆ ಬಂದ ಶಬ್ದ ನನ್ನ ಬಾಳೆ ಬೇಲಿದು. ಇವಳು ಮೊದಲ ದಿನವೇ ಬಂದ್ ಮಾಡಿದ್ದಳು. ನಾನು ಸುಮ್ಮನೆ ಇವಳ ಮೇಲೆ ಹೊರಿಸಿದೆ. ಆ ಎರಡು ದಿನ ಹೆಚ್ಚು ಆಗಿದ್ದೂ ನನ್ನಿಂದ, ಇವಳ ಗದ್ದೆ ಹೋಗಿದ್ದೂ ನನ್ನಿಂದ."

 ಹಾಲು ಅಳೆಯುವವನು ಅಳತೆ ನಿಲ್ಲಿಸಿದ. ಉಗಿಯುತ್ತಾರೆ, ನಗುತ್ತಾರೆ ಎಂದು ನಾನು ಸಿದ್ಧನಾಗಿ ನಿಂತಿದ್ದೆ. ನಿಜ ಹೇಳುತ್ತೇನೆ, ಉಗಿಯಲಿ ಎಂದೇ ನನಗಿತ್ತು. ಆಗ ಮೆಂಬರು ಮುಂದೆ ಬಂದು ನನ್ನ ಕೈ ಹಿಡಿದುಕೊಂಡ.

"ಮಾಸ್ತರೇ, ನಿಮ್ಮದು ದೊಡ್ಡ ಮನಸ್ಸು. ಗದ್ದೆ ಹೋದವಳಿಗೆ ಸಮಾಧಾನ ಆಗ್ಲಿ ಹೇಳಿ ತಪ್ಪೆಲ್ಲ ನಿಮ್ಮ ಮೇಲೆ ಹಾಕ್ಕಂಡ್ರಿ. ಬೇರೆ ಯಾರಾರೂ ಆದ್ರೆ ಹಿಂಗ್ ಹೇಳ್ತಿದ್ರಾ?"

ಹೌದು ಹೌದು ಎಂದು ಎಲ್ಲರೂ ತಲೆಯಾಡಿಸಿದರು. ನಾನು ಅಲ್ಲವೆಂದೆ. ಗುಡ್ಡ ದಾಟಿ ಬಾಗುವ ಅಲೆಯ ಬಗ್ಗೆ ಹೇಳಿದೆ, ಬಾಳೆ ಎಲೆಯ ಬಗ್ಗೆ ಹೇಳಿದೆ, ಬೇಕಾದರೆ ಬಂದು ನೋಡಿ ಎಂದೆ. ಹೇಳಿದಷ್ಟೂ ಅವರ ಮುಖದಲ್ಲಿ ಭಕ್ತಿ ಹೆಚ್ಚಾಯಿತು. ಮಾಸ್ತರು ಎಂಥ ಎಂಥ ವಿಜ್ಞಾನ ತಂದು ಆ ಪಾಪದವಳನ್ನು ಉಳಿಸುತ್ತಿದ್ದಾರೆ ನೋಡಿ ಎನ್ನುವ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೋ ಅವಳ ಕಡೆ ತಿರುಗಿ, "ಎಂತ ಸುಮ್ನೆ ನಿಂತಿದ್ದೆ? ಮಾಸ್ತರಿಗೆ ಒಂದು ಕೈ ಮುಗಿ," ಎಂದರು.

ಅವಳು ಕ್ಯಾನನ್ನು ನೆಲದ ಮೇಲಿಟ್ಟಳು.

"ಗದ್ದೆನೂ ಹೋತು, ಹೆಸರೂ ಹೋತು," ಎಂದಳು. "ಈಗ ನಿಮಗೆ ಕೈನೂ ಮುಗೀಬೇಕಾ ಮಾಸ್ತರೇ?"

ಬೇಡ ಎಂದು ನಾನು ತಲೆಯಾಡಿಸಿದೆ. ಅದನ್ನೂ ಜನ ನನ್ನ ದೊಡ್ಡತನವೆಂದೇ ತಿಳಿದರು.